ಅಜ್ಜಿಯ ಕಣದಿಂದ ಶುರು ಮಾಡಿ

ನಮಸ್ಕಾರ,

ನೀವು ಕಳಿಸಿದ ‘ಗಡಿಯಾರ ಭೂಮಿಗೆ ಕಾಯಬೇಕೇ?’ ಲೇಖನವನ್ನು ಎರಡು ಸಲ ಓದಿದೆ. ಗಡಿಯಾರದ ಸಮಯ ಭೂಮಿಯ ತಿರುಗುವಿಕೆಗೆ ಹೊಂದಿಕೊಂಡೇ ಇರಬೇಕು ಎಂಬುದು ನಿಮ್ಮ ವಾದ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ.

ಮೊದಲ ಎರಡು ಪುಟ ಪಾಠದ ಪುಸ್ತಕದ ಹಾಗಿದೆ. ಸೀಸಿಯಂ ಪರಮಾಣು, ಅದರ ಕಂಪನದಿಂದ ಸೆಕೆಂಡನ್ನು ಅಳೆಯುವ 1967ರ ವ್ಯಾಖ್ಯೆ, ಸೆಕೆಂಡಿಗೆ 9,19,26,31,770 ಕಂಪನ, ಎಲ್ಲ ಸರಿ. ಆದರೆ ಬರೆದವರು ಯಾರು ಅಂತ ಗೊತ್ತಾಗುವುದಿಲ್ಲ. ಮೂರನೇ ಪುಟದಲ್ಲಿ ಒಂದು ಸಾಲು ಬರುತ್ತದೆ. ಸೋಮವಾರಪೇಟೆ ಮನೆಯಲ್ಲಿ ಅಜ್ಜಿ ಗಡಿಯಾರ ನೋಡುತ್ತಿರಲಿಲ್ಲ, ಹೆಂಚಿನ ನೆರಳು ಕಣದ ಅಂಚಿಗೆ ಬಂದಾಗ ಕಾಫಿ ಕೆದಕಲು ಏಳುತ್ತಿದ್ದರು. ನಾನು ಅಲ್ಲೇ ನಿಂತುಬಿಟ್ಟೆ. ನೀವು ಮಾತ್ರ ಮುಂದಿನ ಸಾಲಿಗೇ, ಜಗತ್ತಿನ ಸಮಯದ ಲೆಕ್ಕ ಇಡುವ ಪ್ಯಾರಿಸ್ಸಿಗೆ ಹೊರಟಿರಿ.

ಒಂದು ತಪ್ಪನ್ನು ತಿದ್ದಲೇಬೇಕು. ದಿನ ವರ್ಷಕ್ಕೊಂದು ಸೆಕೆಂಡು ಉದ್ದವಾಗುತ್ತಿದೆ ಎಂದಿದ್ದೀರಿ. ಹಾಗಲ್ಲ. ಚಂದ್ರನಿಂದ ಏಳುವ ಉಬ್ಬರವಿಳಿತ ಭೂಮಿಗೆ ಬ್ರೇಕ್ ಹಾಕುವುದು ನಿಜ. ಆದರೆ ದಿನ ಉದ್ದವಾಗುವುದು ನೂರು ವರ್ಷಕ್ಕೆ ಸುಮಾರು 2 ಮಿಲಿಸೆಕೆಂಡು ಅಷ್ಟೇ. ದಿನಾ ಚೂರು ಹಿಂದೆ ಬೀಳುವ ಹಳೇ ಗಡಿಯಾರ ನೆನಪಿಸಿಕೊಳ್ಳಿ. ಪರಮಾಣು ಗಡಿಯಾರದ ಮುಂದೆ ಭೂಮಿಯೂ ಹಾಗೇ. ಆ ಚೂರೆಲ್ಲ ಕೂಡಿ ಒಂದು ಸೆಕೆಂಡಿನ ಹತ್ತಿರ ಬಂದಾಗ ಗಡಿಯಾರದ ಸಮಯಕ್ಕೆ ಒಂದು ಸೆಕೆಂಡು ಹೆಚ್ಚಿಗೆ ಸೇರಿಸುತ್ತಾರೆ, ಅದೇ ಅಧಿಕ ಸೆಕೆಂಡು. 1972ರಿಂದ ಹೀಗೆ 27 ಸಲ ಸೇರಿಸಿದ್ದಾರೆ. ಕೊನೆಯದು ಸೇರಿದಾಗ ನಮಗೆ 2017ರ ಜನವರಿ 1ರ ಬೆಳಗಿನ ಐದೂವರೆ. ಕೊಡಗಿನಲ್ಲಿ ಇನ್ನೂ ಕತ್ತಲು, ಚಳಿ. 5:29:59 ಆದ ಮೇಲೆ 5:29:60 ಬಂತು. ಇದನ್ನು ನೀವು ಬರೆದೇ ಇಲ್ಲ, ಅಲ್ವಾ?

ಈ ಪದ್ಧತಿಯನ್ನು 2035ರೊಳಗೆ ಬದಲಿಸಿ, ಭೂಮಿಗೂ ಗಡಿಯಾರಕ್ಕೂ ಇನ್ನೂ ಜಾಸ್ತಿ ಅಂತರ ಬಿಡಲು 2022ರಲ್ಲಿ ದೇಶಗಳು ಒಪ್ಪಿವೆ. ‘ಹಗಲೇ ರಾತ್ರಿಯಾದೀತು’ ಎಂದು ನೀವು ಹೆದರಿಸಿದ್ದೀರಿ. ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಲೆಕ್ಕ ನಿಮ್ಮ ಕಣದಲ್ಲೇ ಇದೆ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು. ಮಡಿಕೇರಿ ಇರುವುದು 75.7ರ ಹತ್ತಿರ. ಡಿಗ್ರಿಗೆ 4 ನಿಮಿಷ. ಅಂದರೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಸರಾಸರಿ 27 ನಿಮಿಷ ತಡ. ಸೇರಿಸಿದ 27 ಸೆಕೆಂಡಿಗೆ ಸುಮಾರು 45 ವರ್ಷ ಹಿಡಿಯಿತು. ಅದೇ ವೇಗದಲ್ಲಿ 27 ನಿಮಿಷಕ್ಕೆ 2,700 ವರ್ಷ ಬೇಕು. ಅಷ್ಟು ಅಂತರ ಇಟ್ಟುಕೊಂಡೇ ನಾವು ಕಾಫಿ ಒಣಗಿಸುತ್ತಿದ್ದೇವೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದೇವೆ. ಹಾಗಾಗಿ ಸುಮ್ನೆ ಒಂದೊಂದು ಸೆಕೆಂಡು ತುರುಕಿ ಕಂಪ್ಯೂಟರ್‌ಗಳನ್ನು ಕಂಗೆಡಿಸುವುದು ಬೇಡ ಎನ್ನುವ ಕಡೆ ನಾನು.

ನೀವು ಒಪ್ಪಬೇಕಾಗಿಲ್ಲ. ಸಮಯ ಆಕಾಶದ್ದು ಎಂಬ ನಿಮ್ಮ ಪ್ರೀತಿ ನನಗೂ ಅರ್ಥವಾಗುತ್ತದೆ. ತಲಕಾವೇರಿಯಲ್ಲಿ ತೀರ್ಥೋದ್ಭವಕ್ಕೆ ಜನ ಕಾಯುವುದು ಸೂರ್ಯ ತುಲಾ ರಾಶಿಗೆ ಬರುವ ಗಳಿಗೆಗೇ ಅಲ್ಲವೇ? ವಾದ ಮಾಡುವುದಾದರೆ ಅಲ್ಲಿ ನಿಂತು ಮಾಡಿ. ಹೆದರಿಸಿ ಬೇಡ.

ಫೆಬ್ರವರಿ ನಡುವೆ ಒಂದು ಕೆಲಸ ಮಾಡಿ. ಕಣದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ. ಹನ್ನೆರಡರಿಂದ ಒಂದೂಕಾಲರವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಒಂದೊಂದು ಕಾಫಿ ಬೀಜ ಇಡಿ. ಕೋಲಿಗೆ ತೀರಾ ಹತ್ತಿರದ ಬೀಜ ಹನ್ನೆರಡು ಗಂಟೆಯದಾಗಿರುವುದಿಲ್ಲ, 12:40ರದು. 27 ನಿಮಿಷ ಬರೀ ಸರಾಸರಿ, ಫೆಬ್ರವರಿಯಲ್ಲಿ ಸೂರ್ಯ ಅದಕ್ಕಿಂತಲೂ ತಡ. ಅದನ್ನು ಕಣ್ಣಾರೆ ನೋಡಿ, ಅಲ್ಲಿಂದ ಲೇಖನ ಶುರು ಮಾಡಿ ಕಳಿಸಿ. ನಾನು ಕಾಯುತ್ತಿರುತ್ತೇನೆ.