ತೇಗದ ಹಲಗೆಯೋ, ಲ್ಯಾಮಿನೇಟೋ?

ಪ್ರಶ್ನೆ: ಹೊಸ ಮನೆಯ ಮಲಗುವ ಕೋಣೆಯ ನೆಲಕ್ಕೆ ತೇಗದ ಹಲಗೆ ಹಾಕಿಸಬೇಕೋ, ಲ್ಯಾಮಿನೇಟ್ ಸಾಕೋ?
— ಓದುಗರೊಬ್ಬರು, ಮಡಿಕೇರಿ

ಉತ್ತರ: ಮಡಿಕೇರಿ ಅಂದ ಮೇಲೆ ಮೊದಲು ತೇವದ ಮಾತು. ಲ್ಯಾಮಿನೇಟ್ ಒಳಗಿರುವುದು ಒತ್ತಿ ಮಾಡಿದ ಮರದ ನಾರು. ಮೇಲೆ ಮರದ ಚಿತ್ರ ಅಚ್ಚಾದ ಕಾಗದ, ಅದರ ಮೇಲೊಂದು ಗಟ್ಟಿ ಪದರ. ಬೇಗ ಗೀರು ಬೀಳುವುದಿಲ್ಲ, ಖರ್ಚೂ ಕಡಿಮೆ. ಆದರೆ ಸಂದಿಗೆ ನೀರು ಇಳಿದರೆ ಅಂಚು ಉಬ್ಬುತ್ತದೆ, ಮತ್ತೆ ಸರಿಹೋಗುವುದಿಲ್ಲ. ನಾನು ಒಂದು ರಾತ್ರಿ ಕಿಟಕಿ ಮುಚ್ಚಲು ಮರೆತೆ, ಮೂರು ಹಲಗೆ ಹಾಳಾದವು. ತೇಗವಾಗಿದ್ದರೆ ಉಜ್ಜಿ ಮತ್ತೆ ಪಾಲಿಶ್ ಮಾಡಿಸಬಹುದಿತ್ತು. ದುಡ್ಡು ಹೊಂದಿದರೆ ಚೆನ್ನಾಗಿ ಒಣಗಿದ ತೇಗವನ್ನೇ ಹಾಕಿಸಿ. ಮಳೆಗಾಲದಲ್ಲಿ ಮರ ಹಿಗ್ಗುತ್ತದೆ ಅಲ್ವಾ? ಗೋಡೆ ಪಕ್ಕ ಸುಮಾರು 10 ಮಿ.ಮೀ. ಜಾಗ ಬಿಡಿಸಲು ಮರೆಯಬೇಡಿ.