ಓದುಗರ ಪ್ರಶ್ನೆ, ನಮ್ಮ ಉತ್ತರ: ಮೈಲುತುತ್ತ, ಹುಣಸೆಹಣ್ಣು, ಸೈನೈಡ್

ಹತ್ತನೇ ತರಗತಿಯ ‘ಲೋಹಗಳು ಮತ್ತು ಅಲೋಹಗಳು’ ಪಾಠಕ್ಕೆ ಸೇರಿದ ಐದು ಪ್ರಶ್ನೆಗಳು ಈ ಬಾರಿ. ಮೊದಲನೆಯದು ಬಂದಿರುವುದು ತೋಟದಿಂದ.

ದ್ರಾಕ್ಷಿಗೆ ಬೋರ್ಡೋ ದ್ರಾವಣ ಮಾಡಲು ಮೈಲುತುತ್ತವನ್ನು ರಾತ್ರಿ ಕಬ್ಬಿಣದ ಡ್ರಮ್ಮಿನಲ್ಲಿ ನೆನೆಹಾಕಿದ್ದೆವು. ಬೆಳಿಗ್ಗೆ ನೀಲಿ ಹೋಗಿ ಹಸಿರಾಗಿತ್ತು, ಡ್ರಮ್ಮಿನ ಒಳಗೆಲ್ಲ ಕೆಂಪು ಮೆತ್ತಿತ್ತು. ಅದನ್ನು ಬಳಸಬಹುದೇ? ಮಗ ‘ಇದು ನಮ್ಮ ಪಾಠದಲ್ಲೇ ಇದೆ’ ಅನ್ನುತ್ತಾನೆ.
– ಬೆಳೆಗಾರರು, ಚಿಕ್ಕಬಳ್ಳಾಪುರ ತಾಲ್ಲೂಕು

ಬಳಸಬೇಡಿ. ಮಗ ಹೇಳಿದ್ದು ನಿಜ. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಹೆಚ್ಚು ಕ್ರಿಯಾಶೀಲವಾದ ಲೋಹ ಮೇಲೆ, ಕಡಿಮೆಯದು ಕೆಳಗೆ ಬರುವ ಪಟ್ಟಿಯೇ ಕ್ರಿಯಾಶೀಲತೆಯ ಸರಣಿ; ಅದರಲ್ಲಿ ಕಬ್ಬಿಣ ತಾಮ್ರಕ್ಕಿಂತ ಮೇಲಿದೆ. ಹಾಗಾಗಿ ಕಬ್ಬಿಣ ಕರಗಿ ದ್ರಾವಣಕ್ಕೆ ಇಳಿಯಿತು, ಅಲ್ಲಿದ್ದ ತಾಮ್ರ ಹೊರಬಿದ್ದು ಗೋಡೆಗೆ ಕೂತಿತು. ಹಸಿರು ಬಣ್ಣ ಕಬ್ಬಿಣದ ಸಲ್ಫೇಟಿನದು. ರೋಗ ತಡೆಯಬೇಕಾದದ್ದು ತಾಮ್ರ; ಅದೇ ಡ್ರಮ್ಮಿಗೆ ಹೋಗಿದೆ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 254 ಗ್ರಾಂ ತಾಮ್ರವಿರುತ್ತದೆ. ಅಷ್ಟೂ ಹೊರಬೀಳಬೇಕಾದರೆ ಡ್ರಮ್ಮಿನ 224 ಗ್ರಾಂ ಕಬ್ಬಿಣ ಕರಗಬೇಕು. ತಳ ತೂತು ಬೀಳುವುದು ಹೀಗೆಯೇ. ಜಿಐ ಬಕೆಟ್ ಎಂದರೆ ಸತು ಲೇಪಿಸಿದ ಕಬ್ಬಿಣ; ಆ ಸತು ಕಬ್ಬಿಣಕ್ಕಿಂತಲೂ ಬೇಗ ಕರಗುತ್ತದೆ, ಅದೂ ಬೇಡ. ಪ್ಲಾಸ್ಟಿಕ್ ಡ್ರಮ್ಮೇ ಸರಿ.

ಶೇ. 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ. ಇನ್ನೊಂದು ಡ್ರಮ್ಮಿನಲ್ಲಿ ಒಂದು ಕಿಲೋ ಸುಟ್ಟ ಸುಣ್ಣವನ್ನು ಸ್ವಲ್ಪ ನೀರಿನಲ್ಲಿ ಅರಳಿಸಿ, ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ 50 ಲೀಟರಿಗೆ ತನ್ನಿ. ಸುಣ್ಣ ಅರಳಿಸಲು ಅಲ್ಯೂಮಿನಿಯಂ ಪಾತ್ರೆ ಬೇಡ. ಅಲ್ಯೂಮಿನಿಯಂ ಪ್ರತ್ಯಾಮ್ಲದಲ್ಲೂ ಕರಗಿ ಹೈಡ್ರೋಜನ್ ಬಿಡುತ್ತದೆ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಮರದ ಕೋಲಿನಿಂದ ಕಲಕಿ.

ಸಿಂಪಡಿಸುವ ಮುಂಚೆ ಉಜ್ಜಿ ಹೊಳಪು ಮಾಡಿದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ಬಂದರೆ ಸುಣ್ಣ ಸಾಲದು, ಬಿಡಿ ತಾಮ್ರ ಇನ್ನೂ ಉಳಿದಿದೆ, ಎಲೆ ಸುಡುತ್ತದೆ ಎಂದರ್ಥ. ಕೆಂಪು ನಿಲ್ಲುವವರೆಗೆ ಸುಣ್ಣದ ನೀರು ಸೇರಿಸಿ. ನಿಮ್ಮ ಡ್ರಮ್ಮನ್ನು ಕೆಡಿಸಿದ ಕ್ರಿಯೆಯೇ ಇಲ್ಲಿ ಬೆಳೆ ಕಾಯುವ ಪರೀಕ್ಷೆ. ಮಗನಿಗೂ ಮಾಡಿ ತೋರಿಸಿ, ಪಾಠ ಮರೆಯುವುದಿಲ್ಲ. ಬೆರೆಸಿದ ದ್ರಾವಣವನ್ನು ಅದೇ ದಿನ ಮುಗಿಸಿ. ಕೆಟ್ಟುಹೋದದ್ದಕ್ಕೂ ಸುಣ್ಣದ ನೀರು ಬೆರೆಸಿ ತಾಮ್ರ ತಳಕ್ಕೆ ಕೂರಿಸಿ. ಕೆರೆ ಕಾಲುವೆಗೆ ಚೆಲ್ಲಬೇಡಿ.

ಸರಣಿಯಲ್ಲಿ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಮೇಲಿದೆ. ಆದರೆ ತಾಮ್ರದ ಸಲ್ಫೇಟಿನಲ್ಲಿ ಕಬ್ಬಿಣದ ಮೊಳೆ ಅರ್ಧ ಗಂಟೆಗೆ ಕೆಂಪಾಯಿತು, ಅಲ್ಯೂಮಿನಿಯಂ ಹಾಳೆಗೆ ಏನೂ ಆಗಲಿಲ್ಲ. ಸರಣಿ ತಪ್ಪೇ?
– ವಿದ್ಯಾರ್ಥಿನಿ, ಶಿಡ್ಲಘಟ್ಟ

ಸರಣಿ ತಪ್ಪಲ್ಲ, ನೀವು ಕಂಡದ್ದೂ ತಪ್ಪಲ್ಲ. ಸರಣಿ ಹೇಳುವುದು ಬರಿಯ ಲೋಹದ ಮಾತು. ನೀವು ಹಾಕಿದ ಹಾಳೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಅಲ್ಯೂಮಿನಿಯಂ ಆಕ್ಸೈಡ್ ಪದರವಿದೆ. ಗಾಳಿ ತಾಗಿದ ಕ್ಷಣದಲ್ಲೇ ಅದು ಕಟ್ಟಿಕೊಳ್ಳುತ್ತದೆ; ತಾಮ್ರದ ಅಯಾನುಗಳು ಲೋಹವನ್ನು ಮುಟ್ಟುವುದೇ ಇಲ್ಲ.

ಹೀಗೆ ಮಾಡಿ. 50 ಮಿಲಿಲೀಟರ್ ನೀರಿನಲ್ಲಿ 2 ಗ್ರಾಂ ತಾಮ್ರದ ಸಲ್ಫೇಟ್ ಕರಗಿಸಿ, ಬೆರಳಗಲದ ಹಾಳೆ ಹಾಕಿ, ಐದು ನಿಮಿಷ ನೋಡಿ. ಏನೂ ಆಗದಿದ್ದರೆ ಅರ್ಧ ಚಮಚ ಅಡುಗೆ ಉಪ್ಪು ಹಾಕಿ ಕಲಕಿ. ಉಪ್ಪಿನ ಕ್ಲೋರೈಡ್ ಅಯಾನುಗಳು ಆ ಪದರವನ್ನು ಅಲ್ಲಲ್ಲಿ ಒಡೆಯುತ್ತವೆ. ಗುಳ್ಳೆ ಬರುತ್ತದೆ, ಬೀಕರ್ ಬಿಸಿಯಾಗುತ್ತದೆ, ಹಾಳೆ ಹರಿದು ಕಂದುಗೆಂಪು ತಾಮ್ರ ತಳಕ್ಕೆ ಬೀಳುತ್ತದೆ. ಗುಳ್ಳೆ ಹೈಡ್ರೋಜನ್‌ನದು, ಹತ್ತಿರ ದೀಪ ಬೇಡ, ಬಾಯಿ ಮುಚ್ಚಿದ ಬಾಟಲಿಯಲ್ಲಂತೂ ಮಾಡಲೇಬೇಡಿ.

ಹಿತ್ತಾಳೆ ಬಿಂದಿಗೆಯನ್ನು ಹುಣಸೆಹಣ್ಣು ಹಚ್ಚಿ ರಾತ್ರಿಯಿಡೀ ಬಿಟ್ಟರೆ ಹಳದಿ ಹೋಗಿ ಗುಲಾಬಿ ಬಣ್ಣಕ್ಕೆ ತಿರುಗಿತು. ಏಕೆ?
– ಗೃಹಿಣಿ, ಗುಬ್ಬಿ

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ಮೊದಲು ಮೇಲಿನ ಕಪ್ಪು ಆಕ್ಸೈಡನ್ನೂ ಹಸಿರು ಕಿಲುಬನ್ನೂ ಕರಗಿಸುತ್ತದೆ. ನಮಗೆ ಬೇಕಾದದ್ದು ಅಷ್ಟೇ. ರಾತ್ರಿಯಿಡೀ ಬಿಟ್ಟರೆ ಹೆಚ್ಚು ಕ್ರಿಯಾಶೀಲವಾದ ಸತುವೂ ಕರಗಿಹೋಗುತ್ತದೆ, ಮೇಲ್ಮೈಯಲ್ಲಿ ತಾಮ್ರ ಉಳಿಯುತ್ತದೆ. ಗುಲಾಬಿ ಅದರ ಬಣ್ಣ. ಸಬೀನಾ ಹಾಕಿ ಚೆನ್ನಾಗಿ ಉಜ್ಜಿದರೆ ಹೋಗುತ್ತದೆ. ಮುಂದೆ ನಿಂಬೆಗಾತ್ರದ ಹುಣಸೆ, ಒಂದು ಚಮಚ ಉಪ್ಪು, ಐದು ನಿಮಿಷ ಸಾಕು. ತೊಳೆದ ತಕ್ಷಣ ಒಣಬಟ್ಟೆಯಲ್ಲಿ ಒರೆಸಿ, ಒದ್ದೆ ಬಿಟ್ಟರೆ ಮತ್ತೆ ಕಪ್ಪಾಗುತ್ತದೆ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ, ಮಜ್ಜಿಗೆ ಇಡಬೇಡಿ. ಕಲಾಯಿ ತವರದ ಲೇಪ. ಅದು ಸವೆದ ಕಡೆ ತಾಮ್ರ ಹುಳಿಗೆ ಇಳಿಯುತ್ತದೆ.

ಚಿನ್ನ ಯಾವ ಆಮ್ಲಕ್ಕೂ ಕರಗುವುದಿಲ್ಲ ಎಂದು ಓದಿದ್ದೇವೆ. ಹಾಗಾದರೆ ಕೆಜಿಎಫ್‌ನಲ್ಲಿ ಸೈನೈಡ್ ಏಕೆ ಬಳಸುತ್ತಿದ್ದರು?
– ವಿದ್ಯಾರ್ಥಿ, ಬಂಗಾರಪೇಟೆ

‘ಯಾವುದೇ ಒಂದೇ ಆಮ್ಲಕ್ಕೆ’ ಎಂದು ಓದಿಕೊಳ್ಳಿ. ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲ ಮೂರು ಪಾಲು, ನೈಟ್ರಿಕ್ ಆಮ್ಲ ಒಂದು ಪಾಲು ಸೇರಿದ ಆಕ್ವಾ ರೀಜಿಯಾದಲ್ಲಿ ಚಿನ್ನ ಕರಗುತ್ತದೆ. ಆದರೆ ಅದಿರಿನಲ್ಲಿ ಚಿನ್ನ ಟನ್ನಿಗೆ ಕೆಲವೇ ಗ್ರಾಂ. ಅಷ್ಟಕ್ಕೆ ಬೆಟ್ಟದಷ್ಟು ಕಲ್ಲನ್ನು ಆಮ್ಲದಲ್ಲಿ ಅದ್ದಲು ಆಗದು. ನುಣ್ಣಗೆ ಅರೆದ ಅದಿರಿಗೆ ಲೀಟರಿಗೆ ಒಂದು ಗ್ರಾಂಗೂ ಕಡಿಮೆ ಸೋಡಿಯಂ ಸೈನೈಡ್ ಇರುವ ನೀರು ಬೆರೆಸಿ ಗಾಳಿ ಊದಿದರೆ, ಗಾಳಿಯ ಆಕ್ಸಿಜನ್ ಚಿನ್ನದಿಂದ ಎಲೆಕ್ಟ್ರಾನ್ ಕೀಳುತ್ತದೆ, ಸೈನೈಡ್ ಆ ಚಿನ್ನದ ಅಯಾನನ್ನು ತಬ್ಬಿ ನೀರಿನಲ್ಲೇ ಹಿಡಿದಿಡುತ್ತದೆ. ಎರಡರಲ್ಲಿ ಒಂದಿಲ್ಲದಿದ್ದರೂ ಕೆಲಸ ಆಗದು. ಈ ವಿಧಾನಕ್ಕೆ 1887ರಲ್ಲಿ ಗ್ಲಾಸ್ಗೋದಲ್ಲಿ ಪೇಟೆಂಟ್ ಪಡೆಯಲಾಯಿತು.

ಸುಣ್ಣ ಇಲ್ಲಿಯೂ ಬೇಕು. ದ್ರಾವಣದ ಪಿಎಚ್ 10ಕ್ಕಿಂತ ಮೇಲಿರದಿದ್ದರೆ ಸೈನೈಡ್ ಹೈಡ್ರೋಜನ್ ಸೈನೈಡ್ ಎಂಬ ಮಾರಕ ಅನಿಲವಾಗಿ ಏಳುತ್ತದೆ. ಕೊನೆಗೆ ಸೋಸಿದ ದ್ರಾವಣಕ್ಕೆ ಸತುವಿನ ಪುಡಿ ಹಾಕುತ್ತಾರೆ. ಸತು ಕರಗುತ್ತದೆ, ಚಿನ್ನ ಹೊರಬೀಳುತ್ತದೆ: ಚಿಕ್ಕಬಳ್ಳಾಪುರದ ಡ್ರಮ್ಮಿನಲ್ಲಿ ನಡೆದ ಅದೇ ಸ್ಥಾನಪಲ್ಲಟ. ಲೆಕ್ಕದಲ್ಲಿ 65 ಗ್ರಾಂ ಸತುವಿಗೆ 394 ಗ್ರಾಂ ಚಿನ್ನ, ಏಕೆಂದರೆ ಸತುವಿನ ಒಂದು ಪರಮಾಣು ಎರಡು ಎಲೆಕ್ಟ್ರಾನ್ ಕೊಡುತ್ತದೆ, ಚಿನ್ನದ ಅಯಾನಿಗೆ ಒಂದೇ ಸಾಕು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಚಿನ್ನ ತೆಗೆದು ಉಳಿದ ನುಣುಪು ಹುಡಿಯೇ ಊರಿನ ಸುತ್ತ ಕಾಣುವ ಸೈನೈಡ್ ದಿಬ್ಬಗಳು. ಆ ಮಣ್ಣನ್ನು ಪ್ರಯೋಗಕ್ಕೆಂದು ಶಾಲೆಗೆ ತರಬೇಡಿ.

ಮ್ಯಾಗ್ನೀಷಿಯಂ ಪಟ್ಟಿ ಹೊತ್ತುವುದೇ ಇಲ್ಲ. ಹೊತ್ತಿದರೂ ಬೂದಿಯ ನೀರಿಗೆ ಲಿಟ್ಮಸ್ ಬದಲಾಗುವುದಿಲ್ಲ.
– ವಿಜ್ಞಾನ ಶಿಕ್ಷಕರು, ಪಾವಗಡ

ಪಟ್ಟಿ ಬೂದುಬಣ್ಣಕ್ಕೆ ತಿರುಗಿದ್ದರೆ ಮರಳು ಕಾಗದದಿಂದ ಎರಡೂ ಬದಿ ಹೊಳೆಯುವವರೆಗೆ ಉಜ್ಜಿ. ಎರಡು ಸೆಂಟಿಮೀಟರ್ ತುಂಡು ಸಾಕು. ಇಕ್ಕಳದಲ್ಲಿ ಹಿಡಿದು ತುದಿಯನ್ನು ಮಾತ್ರ ಜ್ವಾಲೆಯ ಅಂಚಿಗೆ ತನ್ನಿ. ಮಕ್ಕಳು ಆ ಬೆಳಕನ್ನು ನೇರವಾಗಿ ನೋಡದಿರಲಿ. ಮ್ಯಾಗ್ನೀಷಿಯಂ ಆಕ್ಸೈಡ್ ನೀರಿನಲ್ಲಿ ಕರಗುವುದು ಬಹಳ ಕಡಿಮೆ. ಆದ್ದರಿಂದ ಬೂದಿಗೆ ನಾಲ್ಕೈದು ಹನಿ ಬಿಸಿನೀರು ಮಾತ್ರ ಹಾಕಿ, ಐದು ನಿಮಿಷ ಅರೆದು, ಆಮೇಲೆ ಕೆಂಪು ಲಿಟ್ಮಸ್ ಮುಟ್ಟಿಸಿ. ಲೋಟದ ತುಂಬ ತಣ್ಣೀರು ಸುರಿದರೆ ನೀಲಿ ಕಾಣದು.