ಅಕ್ಕಿಯೋ ಹಕ್ಕಿಯೋ?

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಐದೂವರೆ ವರ್ಷ. ‘ಅ’ದಿಂದ ‘ಳ’ವರೆಗೆ ತಡವರಿಸದೆ ಒಪ್ಪಿಸುತ್ತಾನೆ. ಆದರೆ ನಾನು ಹೇಳಿದ ಪದ ಬರೆ ಎಂದರೆ ‘ಹಾಸನ’ ಹೋಗಿ ‘ಆಸನ’ ಆಗುತ್ತದೆ, ‘ಹಸು’ ಹೋಗಿ ‘ಅಸು’ ಆಗುತ್ತದೆ. ಹತ್ತು ಹತ್ತು ಸಲ ಬರೆಸಿದೆ, ಪ್ರಯೋಜನವಿಲ್ಲ. ಕಿವಿ ಪರೀಕ್ಷೆ ಮಾಡಿಸಬೇಕೆ?
– ಒಬ್ಬ ತಾಯಿ, ಅರಕಲಗೂಡು

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಮಗುವಿನ ಕಿವಿ ಚುರುಕಾಗಿಯೇ ಇದ್ದಂತಿದೆ. ಬೆಳಗಿನ ಅವಸರದಲ್ಲಿ ‘ಹಾಲು ಕುಡಿ’ ಎಂದು ಕೂಗುವಾಗ ನಿಮ್ಮ ಬಾಯಿಂದ ನಿಜಕ್ಕೂ ಹೊರಡುವುದೇನು ಎಂದು ನಾಳೆ ಗಮನಿಸಿ. ನಮ್ಮ ಹಾಸನ ಸೀಮೆಯ ಆಡುಮಾತಿನಲ್ಲಿ ಪದದ ಮೊದಲಿನ ಹಕಾರ ಹಲವರ ಬಾಯಲ್ಲಿ ಉದುರಿಹೋಗುತ್ತದೆ. ಬಸ್ ನಿಲ್ದಾಣದಲ್ಲಿ ಕೇಳಿಸುವುದೂ ಎಷ್ಟೋ ಸಲ ‘ಆಸನ, ಆಸನ’ ಎಂದೇ. ಮಗು ಕೇಳಿದ್ದನ್ನು ಕೇಳಿದ ಹಾಗೆ ಬರೆದಿದೆ. ಸದ್ದಿಗೂ ಅಕ್ಷರಕ್ಕೂ ನಂಟಿದೆ ಎಂಬ ಗುಟ್ಟು ಅವನಿಗೆ ಆಗಲೇ ಸಿಕ್ಕಿದೆ. ವರ್ಣಮಾಲೆಯನ್ನು ಗಿಣಿಯಂತೆ ಒಪ್ಪಿಸುವ ಅನೇಕ ಮಕ್ಕಳಿಗೆ ಅದೇ ದಕ್ಕಿರುವುದಿಲ್ಲ.

ಹತ್ತು ಸಲ ಬರೆಸುವುದನ್ನು ಇವತ್ತೇ ಬಿಡಿ. ಗದರಿದಿರೋ, ಮಗು ಭಯಕ್ಕೆ ‘ಆನೆ’ಯನ್ನೂ ‘ಹಾನೆ’ ಮಾಡಿಬಿಡುತ್ತದೆ. ಬದಲಿಗೆ ಅವನ ಅಂಗೈಯನ್ನು ಅವನ ಬಾಯಿಯ ಮುಂದೆಯೇ ಹಿಡಿದು ‘ಅಕ್ಕಿ’ ಎನ್ನಿಸಿ, ಆಮೇಲೆ ‘ಹಕ್ಕಿ’ ಎನ್ನಿಸಿ. ಎರಡನೆಯದಕ್ಕೆ ಅಂಗೈಗೆ ಬೆಚ್ಚನೆಯ ಉಸಿರು ತಾಕುತ್ತದೆ. ಆ ಉಸಿರೇ ‘ಹ’. ಇದು ತಿಳಿದ ಮೇಲೆ ಆಡು–ಹಾಡು, ಆರು–ಹಾರು, ಅತ್ತು–ಹತ್ತು ಎಂದು ಜೋಡಿ ಪದಗಳನ್ನು ಹೇಳುತ್ತಾ ‘ಉಸಿರು ಬಂತೇ, ಇಲ್ಲವೇ?’ ಎಂದು ಆಡಿಸಿ. ದಿನಕ್ಕೆ ಐದು ನಿಮಿಷ ಸಾಕು. ಕೆಲವೊಮ್ಮೆ ಅವನು ಕೇಳಲಿ, ನೀವು ಉತ್ತರಿಸಿ. ಬೇಕೆಂದೇ ತಪ್ಪು ಹೇಳಿ. ತಾಯಿಯನ್ನು ತಿದ್ದುವ ಖುಷಿಯ ಮುಂದೆ ಯಾವ ಕಾಪಿ ಪುಸ್ತಕವೂ ನಿಲ್ಲದು.

ಮನೆಯಲ್ಲಿ ಅಜ್ಜಿ ‘ಆಲು’ ಎಂದರೆ ಅವರನ್ನು ತಿದ್ದಲು ಹೋಗಬೇಡಿ. ‘ಅಜ್ಜಿ ಹೀಗೆ ಹೇಳುತ್ತಾರೆ, ಪುಸ್ತಕದಲ್ಲಿ ಹೀಗೆ ಬರೆಯುತ್ತಾರೆ’ ಎಂದರೆ ಮಗು ಎರಡನ್ನೂ ಇಟ್ಟುಕೊಳ್ಳುತ್ತದೆ.

ಇನ್ನೊಂದು ಮಾತು. ನಮ್ಮ ವರ್ಣಮಾಲೆಯ ಕ್ರಮ ಬಲು ಸೊಗಸಾದದ್ದು; ಕವರ್ಗದಿಂದ ಪವರ್ಗಕ್ಕೆ ಬರುವಷ್ಟರಲ್ಲಿ ನಾಲಿಗೆಯ ಬುಡದಿಂದ ತುಟಿಯವರೆಗೆ ನಡೆದು ಬಂದಿರುತ್ತೇವೆ. ಆದರೆ ಅದು ಬಾಯಿಯ ನಕ್ಷೆ. ಬರೆಯಲು ಕಲಿಯುವವರು ಅದೇ ದಾರಿ ಹಿಡಿಯಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ–ಕಲಿ ಎಂಬ ಕಲಿಕೆಯ ಪದ್ಧತಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದರಲ್ಲೇ ಸರ, ದರ, ಅರಸ, ಅಗಸ, ಗರಗಸ ಎಲ್ಲವೂ ಸಿದ್ಧ. ಮೊದಲ ವಾರದಲ್ಲೇ ಓದಲು ಪದ ಸಿಗುವಾಗ, 49 ಅಕ್ಷರ ಮುಗಿಯಲೆಂದು ಮಗುವನ್ನು ಕಾಯಿಸುವುದೇಕೆ?

ಹಿಂದಿನಿಂದ ಕರೆದರೆ ತಿರುಗದಿರುವುದು, ಪದೇ ಪದೇ ‘ಏನು?’ ಎನ್ನುವುದು, ಕಿವಿ ಸೋರುವುದು – ಇವುಗಳಲ್ಲಿ ಯಾವುದಾದರೂ ಇದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಾಲ್ಕು ವರ್ಷದ ಮಗಳು. ಶೃಂಗೇರಿಯಲ್ಲಿ ಅಕ್ಷರಾಭ್ಯಾಸ ಮಾಡಿಸಿ, ಮನೆಯಲ್ಲೂ ಅಕ್ಕಿಯ ಮೇಲೆ ಬರೆಸಿದ್ದೆವು. ಆಗ ನಗುನಗುತ್ತಾ ಬರೆದಳು. ಈಗ ಎಲ್‌ಕೆಜಿಯಲ್ಲಿ ದಿನಕ್ಕೆ ಎರಡು ಪುಟ ಕಾಪಿ ಬರೆಯಲು ಕೊಡುತ್ತಾರೆ. ಪೆನ್ಸಿಲ್ ಕಂಡರೆ ಅಳುತ್ತಾಳೆ, ಕೈ ನೋವು ಎನ್ನುತ್ತಾಳೆ.
– ಒಬ್ಬ ತಂದೆ, ಮೂಡಿಗೆರೆ

ಉತ್ತರ: ನೆಪವಲ್ಲ, ಕೈ ನಿಜವಾಗಿಯೂ ನೋಯುತ್ತದೆ. ಆ ವಯಸ್ಸಿನಲ್ಲಿ ಬೆರಳುಗಳ ಸಣ್ಣ ಸ್ನಾಯುಗಳು ಇನ್ನೂ ಬಲಿತಿರುವುದಿಲ್ಲ. ಎರಡು ಪುಟ ಎಂಬುದು ನನ್ನ ಲೆಕ್ಕದಲ್ಲಿ ದಂಡನೆಯೇ. ಟೀಚರ್ ಬಳಿ ಹೋಗಿ, ಜಗಳವಾಡದೆ, ಎರಡು ಸಾಲಿಗೆ ಇಳಿಸಲು ಕೇಳಿ.

ಅಕ್ಕಿಯ ಮೇಲೆ ನಗುತ್ತಾ ಬರೆದಳಲ್ಲ, ಅದನ್ನು ಒಂದು ದಿನದ ಶಾಸ್ತ್ರಕ್ಕೆ ನಿಲ್ಲಿಸಿದ್ದೇಕೆ? ಅಗಲವಾದ ತಟ್ಟೆಯಲ್ಲಿ ತೆಳುವಾಗಿ ರಾಗಿ ಹರಡಿ. ತೋರುಬೆರಳಿನಿಂದ ದೊಡ್ಡದಾಗಿ ಒಂದು ಸುತ್ತು, ನೆತ್ತಿಗೊಂದು ತಲಕಟ್ಟು: ‘ರ’. ಸುತ್ತಿನೊಳಗೆ ಚುಕ್ಕೆ ಇಟ್ಟರೆ ‘ಠ’. ಬರೆಯುತ್ತಾ ಸದ್ದನ್ನೂ ಬಾಯಿಬಿಟ್ಟು ಹೇಳಲಿ. ತಪ್ಪಾಯಿತೇ, ತಟ್ಟೆ ಅಲ್ಲಾಡಿಸಿದರೆ ಮುಗಿಯಿತು. ರಬ್ಬರಿನಿಂದ ಉಜ್ಜಿ ಹರಿದ ಹಾಳೆಯ ಅವಮಾನವಿಲ್ಲ. ಬೆರಳಿಗೆ ಬಲ ಬರಲು ಅವರೆಕಾಯಿ ಸುಲಿಯಲು, ನೆನೆಸಿದ ಕಾಳು ಹಿದುಕಲು ಕೂರಿಸಿಕೊಳ್ಳಿ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕಾಳು ಒತ್ತುವ ಹಿಡಿತವೇ ಮುಂದೆ ಪೆನ್ಸಿಲಿಗೆ ಬೇಕಾಗುವುದು. ಅರ್ಧ ಕಾಳು ನೆಲದ ಪಾಲಾಗುತ್ತದೆ, ಇರಲಿ.

ಪ್ರಶ್ನೆ: ಆರು ವರ್ಷದ ಮೊಮ್ಮಗಳು ಇಂಗ್ಲಿಷಿನ ಸಣ್ಣ ‘ಬಿ’ ಮತ್ತು ‘ಡಿ’ಯನ್ನು ಅದಲುಬದಲು ಮಾಡುತ್ತಾಳೆ. ಇದೇನಾದರೂ ದೋಷವೇ?
– ಒಬ್ಬ ಅಜ್ಜಿ, ಕೊಪ್ಪ

ಉತ್ತರ: ಅಮ್ಮಾ, ಸದ್ಯಕ್ಕೆ ಚಿಂತೆ ಬೇಡ. ಕಾಫಿ ಕಪ್ಪಿನ ಹಿಡಿ ಎಡಕ್ಕಿದ್ದರೂ ಬಲಕ್ಕಿದ್ದರೂ ಅದು ಕಪ್ಪೇ ಎಂದು ಮಗು ಹುಟ್ಟಿದಂದಿನಿಂದ ಕಲಿತಿದೆ. ಈ ಎರಡು ಅಕ್ಷರಗಳಲ್ಲಿ ಮಾತ್ರ ಹಿಡಿ ಯಾವ ಕಡೆ ಎನ್ನುವುದೇ ಮುಖ್ಯ ಎಂದರೆ ಒಗ್ಗಲು ಸಮಯ ಬೇಕು. ಏಳು ವರ್ಷದವರೆಗೆ ಇದು ಸಾಮಾನ್ಯ. ಆಮೇಲೂ ಉಳಿದು, ಓದುವುದೂ ಕಷ್ಟವಾದರೆ ತಜ್ಞರನ್ನು ಕಾಣಿ. ಒಂದು ವಾರ ಒಂದೇ ಅಕ್ಷರ ಹಿಡಿಯಿರಿ, ಎರಡನ್ನೂ ಒಟ್ಟಿಗೆ ಕಲಿಸಬೇಡಿ. ‘ಬಿ’ ಎನ್ನುವುದು ಅದರ ಹೆಸರು, ಸದ್ದು ಬರಿಯ ‘ಬ್’. ನಮ್ಮ ‘ಕ’ಕ್ಕೆ ಹೆಸರೂ ಸದ್ದೂ ಒಂದೇ, ಇದಕ್ಕೆ ಹಾಗಲ್ಲ. ‘ಬ್’ ಎನ್ನುವಾಗ ತುಟಿ ಮುಚ್ಚುತ್ತದೆ, ‘ಡ್’ ಎನ್ನುವಾಗ ಮುಚ್ಚುವುದಿಲ್ಲ. ಕನ್ನಡಿಯ ಮುಂದೆ ನಿಲ್ಲಿಸಿ, ಅವಳೇ ನೋಡಿಕೊಳ್ಳಲಿ.